ಎಲ್ಲರಿಗೂ ತೆರೆದ ಬಿಲ

ಚಿಟುಕಿ ಎಂಬ ಇಲಿಗೆ ಏನನ್ನು ತಿನ್ನುವ ಮುಂಚೆಯೂ ಮೀಸೆ ಒರೆಸಿಕೊಳ್ಳುವ ಅಭ್ಯಾಸ. ಆವತ್ತೂ ಹಾಗೇ ಒರೆಸಿಕೊಂಡು, ಕಡಲೆಕಾಯಿ ಬಿಡಿಸುತ್ತ, ಪಕ್ಕದ ಬಿಲದ ಏಡಿಯನ್ನು ಕೂಗಿದಳು.

"ಏಡಕ್ಕಾ, ಬಾ ತಿನ್ನು. ಬಿಟ್ಟಿ ಮಾಲು!"

"ಯಾರದ್ದೇ?"

"ಗೋದಾಮಿನದು. ನಮ್ಮ ಇಲಿಗಳ ಬಿಲಗಳೆಲ್ಲ ಒಳಗೊಳಗೇ ಕೂಡಿಕೊಂಡಿವೆ. ಯಾರ ಬಿಲದಿಂದ ಯಾರು ಬೇಕಾದರೂ ತಗೋಬಹುದು. ತಗೊಳ್ಳುವವರು ತಮ್ಮ ಬಾಗಿಲನ್ನೂ ತೆರೆದಿಡಬೇಕು, ಅಷ್ಟೇ."

"ತೆರೆದ ಬಾಗಿಲಿಗೆ ಯಾರು ಬರುತ್ತಾರೋ ನಿನಗೇನು ಗೊತ್ತು?"

"ಎಲ್ಲ ನಮ್ಮೋರೇ ಕಣಕ್ಕಾ! ನೀನು ಹೀಗೇ ಕೆಸರು ಮೆತ್ತಿಕೊಂಡು ಒಳಗೇ ಕೂತಿರು."

ಏಡಕ್ಕ ನಕ್ಕು, ನಿಜಕ್ಕೂ ಬಾಗಿಲಿಗೆ ಕೆಸರು ಮೆತ್ತಿಕೊಂಡಳು.

ಅಷ್ಟರಲ್ಲಿ ಸುರಂಗದ ಕತ್ತಲೆಯಿಂದ ಮೆತ್ತನೆಯ ದನಿಯೊಂದು ಕೇಳಿತು. "ನಂಗೂ ಒಂದು ಹಿಡಿ ಕೊಡ್ತೀಯಾ ತಂಗಿ?"

"ಒಂದೇನು, ಎರಡು ತಗೋ!" ಎಂದು ಚಿಟುಕಿ ಧಾರಾಳವಾಗಿ ಕೊಟ್ಟಳು.

ಕಡಲೆಕಾಯಿ ಇಸಿದುಕೊಂಡು ಮುಖ ತೋರಿಸಿದವನು ಗೋದಾಮು ಕಾಯುವ ಮುಂಗುಸಿ.

"ಹೆದರಬೇಡ, ನಿನ್ನನ್ನು ತಿನ್ನೋಲ್ಲ," ಅಂದ. "ಯಾರ್ಯಾರು ತಿಂದರೋ ನಾನು ಕಾಣೆ. ಹಂಚಿದ್ದು ಮಾತ್ರ ನೀನು, ನನ್ನ ಕೈಗೇ ಕೊಟ್ಟೆಯಲ್ಲ! ನಡಿ, ಯಜಮಾನರ ಹತ್ತಿರ."

"ಎಲ್ಲರೂ ಕೊಡ್ತಾರೆ ಸ್ವಾಮೀ!"

"ಅವರ ಮನೆಗೂ ಹೋಗ್ತೀನಿ ತಾಯಿ. ಮೊದಲು ಸಿಕ್ಕಿದ್ದು ನಿನ್ನ ಬಾಗಿಲು."

ಚಿಟುಕಿ ಎದ್ದೆನೋ ಬಿದ್ದೆನೋ ಅಂತ ಹೊರಗೆ ಹಾರಿ, ಪಕ್ಕದ ಹಸಿ ಕೆಸರಿನ ಮೇಲೆ ಎರಡೂ ಕೈಯಿಂದ ಬಡಿದಳು.

"ಏಡಕ್ಕಾ, ನಮ್ಮಮ್ಮ ಅಲ್ವಾ, ಒಂದು ಗಳಿಗೆ ಬಾಗಿಲು ತೆಗಿಯೇ!"