ನೀರುಗಾವಲಿಗೆ ಮೂರು ಒಗಟು

"ಕೇಳಿರಪ್ಪೋ ಕೇಳಿ! ಕೋಟೆಗೆ ನೆರೆಯ ಸುಳಿವು ಮೊದಲೇ ಹೇಳುವ ಒಬ್ಬ ನೀರುಗಾವಲು ಬೇಕು. ಅರಸರ ಮೂರು ಒಗಟು ಬಿಡಿಸಿದವರಿಗೆ ಆ ಕೆಲಸ, ಜೊತೆಗೆ ಹೊಳೆದಂಡೆಯ ಮನೆ. ತಪ್ಪಿದವರಿಗೆ ಹಗೇವು!" ಎಂದು ಊರಲ್ಲಿ ಡಂಗುರ ಸಾರಿದರು.

ಹಗೇವು ಎಂದರೆ ರಾಗಿ ತುಂಬಿಡುವ ನೆಲದಡಿಯ ಗುಂಡಿ. ಈಗ ಅದರಲ್ಲಿ ರಾಗಿ ಇರಲಿಲ್ಲ. ಹಿಂದಿನ ವರ್ಷ ಕಾವಲಿನವನು "ನೆರೆ ಬರಲ್ಲ" ಎಂದಿದ್ದ. ನೆರೆ ಬಂತು. ರಾಗಿಯನ್ನೂ ಅರಸ ದೇವಭೂಪನ ಒಬ್ಬನೇ ಮಗನನ್ನೂ ಕೊಂಡೊಯ್ದಿತು. ಅಂದಿನಿಂದ ಅರಸನಿಗೆ ತಪ್ಪು ಉತ್ತರ ಕೊಲೆಯಂತೆ ಕಾಣುತ್ತಿತ್ತು.

ಮೊದಲು ಹೋದವನು ಮಡಿವಾಳರ ಚಿಕ್ಕೀರ. ಅರಸ ತಣ್ಣೀರು ತುಂಬಿದ ಹಿತ್ತಾಳೆ ಕೊಡ ತೋರಿಸಿ, "ಕೊಡ ಸೋರುತ್ತಿಲ್ಲ. ಆದರೂ ಹೊರಮೈ ಒದ್ದೆ. ಈ ನೀರು ಎಲ್ಲಿಯದು?" ಎಂದ. "ಒಳಗಿನದು" ಎಂದ ಚಿಕ್ಕೀರ. ಅವನನ್ನು ಹಗೇವಿಗಿಳಿಸಿ ಚಪ್ಪಡಿ ಎಳೆದರು. ಉಸಿರಿಗೆ ಮುಷ್ಟಿಯಷ್ಟು ಕಿಂಡಿ ಬಿಟ್ಟರು. ಅನ್ನ ನೀರು ಇಲ್ಲ. ಮರುದಿನ ಒಬ್ಬ ವ್ಯಾಪಾರಿ ಎರಡನೆಯ ಒಗಟಿಗೆ ಸೋತು ಇಳಿದ. ಅದರ ಮರುದಿನ ಒಬ್ಬ ಪಂಡಿತರು ಮೂರನೆಯದಕ್ಕೆ.

ನಾಲ್ಕನೆಯ ದಿನ ಬಂದವಳು ಚಿಕ್ಕೀರನ ತಂಗಿ ಮಾಚವ್ವ. ತಲೆಯ ಮೇಲೆ ಬಟ್ಟೆಯ ಗಂಟು.

ಮಂತ್ರಿ ಗಂಟು ಬಿಚ್ಚಿ ನೋಡಿ ನಕ್ಕ. "ಅರಸರ ಪಂಚೆಯನ್ನೇ ಕೆಂಪು ಮಾಡಿದ್ದೀಯಲ್ಲೇ! ಒಗೆಯೋಕೆ ಬರದವಳು ಒಗಟು ಬಿಡಿಸ್ತಾಳಂತೆ."

"ಎರಡನ್ನೂ ನೋಡೋಣ, ಸ್ವಾಮಿ."

ಅವಳ ಹಿಂದೆ ಕೋಟೆಯ ಬಾಗಿಲು ಮುಚ್ಚಿತು. ಅಂಗಳದ ಹಗೇವಿನ ಕಿಂಡಿಯಿಂದ ಅಣ್ಣನ ದನಿ ಬಂತು: "ಬಂದ್ಯಾ ಮಾಚಿ? ಹೋಗೇ, ಮನೆಗೆ ಹೋಗು."

"ಬಾಗಿಲು ಹಾಕಿದಾರೆ ಕಣಣ್ಣ."

ಅರಸ ಕೊಡ ತೋರಿಸಿದ. ಅವಳು ಬೆರಳಿಂದ ಕೊಡದ ಮೈ ಸವರಿ ಹೇಳಿದಳು, "ಇದು ಗಾಳಿಯದು, ಬುದ್ಧಿ. ಗಾಳಿಯಲ್ಲಿ ಕಾಣದ ನೀರಿದೆ. ತಣ್ಣಗಿನ ಹಿತ್ತಾಳೆ ತಾಗಿದರೆ ಹನಿಯಾಗುತ್ತೆ. ಬಿಸಿನೀರು ತುಂಬಿಸಿ, ಹೊರಗೆ ಹನಿ ಕೂರಲ್ಲ."

ತುಂಬಿಸಿದರು. ಕೂರಲಿಲ್ಲ.

ಅರಸ ಎರಡನೆಯದು ಕೇಳಿದ: "ಬದಿ ನೆಟ್ಟಗಿರುವ ಎರಡು ಡಬ್ಬಿ. ಒಂದು ಅಗಲ, ಒಂದು ಕಿರಿದು. ಒಂದೇ ಅಂಗಳದಲ್ಲಿ ಮಳೆಗಿಟ್ಟೆ. ನೀರು ಯಾವುದರಲ್ಲಿ ಹೆಚ್ಚು ಮೇಲೇರುತ್ತದೆ?"

ನೆರೆಗೆ ಮುಂಚೆ ಅರಮನೆಯವರೂ ಅಗಲದ ಡಬ್ಬಿಯ ನೀರನ್ನು ತಂಬಿಗೆಯಲ್ಲಿ ಎಣಿಸಿ ಮಳೆ ಹೆಚ್ಚೆಂದು ತಪ್ಪಾಗಿ ಬರೆಯುತ್ತಿದ್ದರು. ವ್ಯಾಪಾರಿ ಸೋತದ್ದೂ ಅಲ್ಲೇ.

"ಎರಡರಲ್ಲೂ ಒಂದೇ ಎತ್ತರ. ಅಗಲದ್ದರಲ್ಲಿ ನೀರು ಹೆಚ್ಚು ಬೀಳುತ್ತೆ, ಹರಡೋ ಜಾಗವೂ ಹೆಚ್ಚು. ಮಳೆಯನ್ನು ಕಡ್ಡಿಯಲ್ಲಿ ಅಳೀಬೇಕು, ತಂಬಿಗೆಯಲ್ಲಲ್ಲ."

ಮಂತ್ರಿಯ ನಗು ನಿಂತಿತು. ಅರಸ ಮುಂದೆ ಬಾಗಿದ. "ಮೋಡವಿಲ್ಲದ ಊರಿಗೆ ಮಳೆ ಯಾವ ದಾರಿಯಲ್ಲಿ ಬರುತ್ತದೆ?"

"ಗಾಳಿಯ ದಾರಿ ಅನ್ನಬೇಡಮ್ಮ!" ಕಿಂಡಿಯಿಂದ ಪಂಡಿತರು ಕೂಗಿದರು. "ನಾನು ಹಾಗಂದೇ ಇಲ್ಲಿದ್ದೇನೆ."

ಹಿಂದೆಯೇ ಚಿಕ್ಕೀರನ ದನಿ: "ಮಾಚಿ, ಕಾಲಡಿ ನೀರು ಜಿನುಗ್ತಿದೆ ಕಣೇ."

ಮಾಚವ್ವ ಗಂಟಿನಿಂದ ಪಂಚೆ ಎಳೆದುಕೊಂಡಳು. "ಹೊಳೆಯ ದಾರಿಯಲ್ಲಿ, ಬುದ್ಧಿ. ಈಗಲೇ ಬರ್ತಿದೆ. ಚಪ್ಪಡಿ ತೆಗೆಸಿ."

"ಆಕಾಶ ತಿಳಿಯಾಗಿದೆ. ಅಣ್ಣನನ್ನು ಬಿಡಿಸೋಕೆ ಕತೆ ಕಟ್ತೀಯಾ?" ಎಂದ ಅರಸ.

ಅವಳು ಪಂಚೆ ಹರಡಿದಳು. "ನಿಮ್ಮದೇ ಪಂಚೆ. ಬೆಳಿಗ್ಗೆ ಹೊಳೆಯಲ್ಲಿ ಅದ್ದಿದ್ದಕ್ಕೆ ಕೆಂಪಾಯ್ತು. ನಮ್ಮ ದಂಡೆಯಲ್ಲಿ ಕೆಮ್ಮಣ್ಣಿಲ್ಲ, ಅದಿರೋದು ಮೇಲಿನ ಗುಡ್ಡದಲ್ಲಿ. ಅಲ್ಲಿ ಜೋರು ಮಳೆಯಾಗಿದೆ. ನೀರು ಸಂಜೆಯೊಳಗೆ ಇಲ್ಲಿರುತ್ತೆ. ತಪ್ಪಿದರೆ ನನ್ನನ್ನೂ ಇಳಿಸಿ."

ಅರಸ ನೆಲಕ್ಕೆ ಕೂತು ಕಿಂಡಿಗೆ ಕಿವಿಯಿಟ್ಟ. ನೀರಿನ ಸದ್ದು ಕೇಳಿ ಅವನ ಮುಖ ಬಿಳಿಚಿತು. ಆಳುಗಳಿಗೆ ಕಾಯದೆ ಚಪ್ಪಡಿಗೆ ತಾನೇ ಕೈ ಹಾಕಿದ.

ಮೂವರನ್ನೂ ಹಗ್ಗದಲ್ಲಿ ಎತ್ತಿದರು. ಕೆಳಕೇರಿಯ ಜನರನ್ನು ಕೋಟೆಗೆ ಕರೆತಂದರು. ಸಂಜೆಗೆ ಹಗೇವು ಬಾಯಿವರೆಗೆ ತುಂಬಿ ನಿಂತಿತು.

"ಎಲ್ಲಿ ಕಲಿತೆ?" ಅರಸ ಕೇಳಿದ.

ಅರಸೊತ್ತಿಗೆ ಹಳೆಯದಾದರೂ ಬುರುಜಿನ ಮೇಲೊಂದು ಮೊಬೈಲ್ ಫೋನಿನ ಕಂಬವಿತ್ತು. ಮಾಚವ್ವ ಸೊಂಟದಿಂದ ಬಿರುಕು ಬಿಟ್ಟ ಫೋನು ತೆಗೆದಳು. "ಇದರಲ್ಲಿ, ಬುದ್ಧಿ. ಬಟ್ಟೆ ಒಣಗೋವರೆಗೆ ಬಂಡೆ ಮೇಲೆ ಕೂತು. ಮಳೆ, ಹೊಳೆ, ಹವೆಯ ಪಾಠ. ಆನ್‌ಲೈನಿನಲ್ಲಿ ಎಲ್ಲರಿಗೂ ಪುಕ್ಕಟೆ."

ಹೊಳೆದಂಡೆಯ ಮನೆಯನ್ನೂ ಕೆಲಸವನ್ನೂ ಅರಸ ಅಲ್ಲೇ ಅವಳಿಗೆ ಕೊಟ್ಟ. ಆಮೇಲೆ ಫೋನು ಕೇಳಿ ಪಡೆದು ಮೊದಲ ಪಾಠ ಕೇಳಿದ. ಕೊನೆಗೊಂದು ಪ್ರಶ್ನೆ ಇತ್ತು. ಉತ್ತರ ಒತ್ತಿದ. ತಪ್ಪು.

ಅವನು ಉಸಿರು ಹಿಡಿದು ತುಂಬಿದ ಹಗೇವಿನ ಕಡೆ ನೋಡಿದ. ಫೋನಿನಲ್ಲಿ ಎರಡೇ ಪದ ಮೂಡಿದವು: ಮತ್ತೊಮ್ಮೆ ಪ್ರಯತ್ನಿಸಿ.

"ಇಷ್ಟೇನಾ?" ಎಂದ ಅರಸ.

"ಇಷ್ಟೇ, ಬುದ್ಧಿ."

ನೀರು ಇಳಿದ ಮೇಲೆ ಅರಸ ಆ ಹಗೇವಿಗೆ ಮಣ್ಣು ತುಂಬಿಸಿದ.