ಹುತ್ತದ ಅಣಬೆಗೆ ಮೊನೆ ಬಂದದ್ದು

ಆಗ ಭೂಮಿ ಇನ್ನೂ ಹೊಸದು. ಗಾಳಿಗೆ ದಾರಿಗಳು ಸರಿಯಾಗಿ ಗೊತ್ತಿರಲಿಲ್ಲ. ಮಳೆಗೆ ಎಲ್ಲಿ ನಿಲ್ಲಬೇಕೆಂಬುದೂ ತಿಳಿದಿರಲಿಲ್ಲ.

ಒಂದು ಹುತ್ತದ ತಳದಲ್ಲಿ, ಬೆಳಕೇ ಕಾಣದ ಕೋಣೆಯಲ್ಲಿ, ಬೂಷ್ಟಜ್ಜಿ ಇದ್ದಳು. ಹತ್ತಿಯಂಥ ಬಿಳಿ ಮೈ. ಗೆದ್ದಲುಗಳು ಒಣಕಟ್ಟಿಗೆ ಅಗಿದು ತರುತ್ತಿದ್ದವು, ಆದರೆ ಅದು ಅವುಗಳ ಹೊಟ್ಟೆಗೆ ಅರಗುತ್ತಿರಲಿಲ್ಲ. ಅಜ್ಜಿ ಅದರ ಮೇಲೆ ಮೈಚಾಚಿ, ಮೆತ್ತಗೆ ಮಾಡಿ, ಬಡಿಸುತ್ತಿದ್ದಳು.

ಆಗಾಗ ಹಸಿರು ಮುಖದ ಕಳ್ಳ ಬೂಷ್ಟು ಒಳಗೆ ನುಸುಳಿ ಅಜ್ಜಿಯನ್ನು ನುಂಗಲು ಬರುತ್ತಿತ್ತು. ಗೆದ್ದಲುಗಳು ಎಂಜಲು ಹಚ್ಚಿ, ನೆಕ್ಕಿ ನೆಕ್ಕಿ, ಅದನ್ನು ಸಾಯಿಸುತ್ತಿದ್ದವು. ಆ ಎಂಜಲು ಕಳ್ಳನಿಗೆ ವಿಷ, ಅಜ್ಜಿಗೆ ಸ್ನಾನದ ನೀರು.

ಒಂದು ಮುಂಗಾರಿನಲ್ಲಿ ಗೆದ್ದಲು ರಾಣಿಯ ಮಗಳು ಪುಟ್ಟವ್ವನಿಗೆ ರೆಕ್ಕೆ ಬಂತು.

“ಅಜ್ಜೀ, ಹೊರಟೆ. ಬೇರೆ ಹುತ್ತ ಕಟ್ತೀನಿ.”

“ಅಲ್ಲಿ ಅಡುಗೆ ಮಾಡೋರು ಯಾರೇ?”

“ಕಟ್ಟಿಗೆ ಎಲ್ಲಾ ಕಡೆ ಬಿದ್ದಿರುತ್ತಲ್ಲ.”

“ಕಟ್ಟಿಗೆ ಬಿದ್ದಿದ್ರೆ ಹೊಟ್ಟೆ ತುಂಬುತ್ತೇನೇ, ಹುಚ್ಚೀ? ನನ್ನದೊಂದು ಚೂರು ತಗೊಂಡು ಹೋಗು.”

ಪುಟ್ಟವ್ವ ಚೂರನ್ನು ಕಚ್ಚಿಕೊಂಡು ರೆಕ್ಕೆ ಬಡಿದಳು. ಏಳಲಾಗಲಿಲ್ಲ. ಮತ್ತೆ ಬಡಿದಳು. ಮುಗ್ಗರಿಸಿದಳು. “ಆಗಲ್ಲಜ್ಜೀ” ಎಂದು ಅದನ್ನು ಅಲ್ಲೇ ಬಿಟ್ಟು ಹಾರಿದಳು.

ಅಜ್ಜಿಗೆ ಸಮಾಧಾನವಿಲ್ಲ. ಪುಟ್ಟವ್ವ ತನ್ನ ಮೈ ಕರಗಿಸಿ ಮೊದಲ ಮಕ್ಕಳನ್ನು ಸಾಕಿಯಾಳು. ಆಮೇಲೆ? ಅಷ್ಟೂ ಮಕ್ಕಳು ಕಟ್ಟಿಗೆಯ ರಾಶಿಯ ನಡುವೆ ಹಸಿದು ಸಾಯುತ್ತವೆ.

ಹುತ್ತದ ಬಾಯಲ್ಲಿ ಗಾಳಿ ಸುಳಿಯುತ್ತಿತ್ತು. ಅಜ್ಜಿ ಕೂಗಿದಳು: “ಗಾಳಿಯಪ್ಪಾ, ನನ್ನ ಬೀಜ ಒಯ್ದು ಪುಟ್ಟವ್ವನಿಗೆ ಕೊಡ್ತೀಯಾ?”

“ಒಯ್ಯೋದಕ್ಕೇನು! ಆ ಕತ್ತಲೆಗೆ ಮಾತ್ರ ನಾನು ಇಳಿಯೋನಲ್ಲ. ನೀನೇ ಮೇಲೆ ಬಾ.”

ಗೆದ್ದಲುಗಳು ನಕ್ಕವು. “ಮುಟ್ಟಿದ್ರೆ ಹರಿಯೋ ಅಜ್ಜಿ ಗೋಡೆ ಒಡೀತಾಳಂತೆ ಕಣ್ರೋ!”

ಮುದಿ ಗೆದ್ದಲೊಂದು ನಗಲಿಲ್ಲ. “ನೀನು ಹೋದ್ರೆ ನಮ್ಮ ಗತಿ ಏನಜ್ಜೀ?”

“ನಾನೆಲ್ಲಿ ಹೋಗ್ತೀನೋ? ತಲೆ ಮೇಲೆ ಹೋಗುತ್ತೆ, ಕಾಲು ಇಲ್ಲೇ ಇರುತ್ತೆ.”

ಅಜ್ಜಿ ತನ್ನ ಎಳೆಗಳನ್ನೆಲ್ಲ ಒಂದೇ ಹುರಿಯಾಗಿ ಹೊಸೆದುಕೊಂಡಳು. ನೆತ್ತಿಯನ್ನು ಬಿಗಿದು ಮೊನೆ ಮಾಡಿಕೊಂಡಳು. ತಳ್ಳಿದಳು. ಗೋಡೆ ಕದಲಲಿಲ್ಲ. ಮಳೆ ಬಂದು ಗೋಡೆ ನೆನೆಯಿತು. ಮತ್ತೆ ತಳ್ಳಿದಳು. ಒಂದು ಮಣ್ಣಿನ ಕಣ ಸರಿಯಿತು, ಆಮೇಲೆ ಇನ್ನೊಂದು. ಅಂಥ ಮೆತ್ತನೆಯ ಮೈಯಲ್ಲಿ ಇಂಥ ಬಲ ಇರುತ್ತದೆಂದು ಯಾರೂ ಎಣಿಸಿರಲಿಲ್ಲ.

ಕೊನೆಗೆ ನೆತ್ತಿ ಹೊರಬಂತು. ಅಜ್ಜಿ ಮೊದಲ ಸಲ ಬೆಳಕು ಕಂಡಳು, ಕೊಡೆ ಬಿಚ್ಚಿದಳು. ಅದರ ಮಡಿಕೆಗಳಿಂದ ಧೂಳಿಗಿಂತ ನಯವಾದ ಬೀಜ ಉದುರಿತು. ಗಾಳಿ ಅದನ್ನು ಒಯ್ದು, ಪುಟ್ಟವ್ವನ ಮನೆ ತಿಳಿಯದೆ, ಕಾಡಿಗೆಲ್ಲ ಚೆಲ್ಲಿತು.

ಪುಟ್ಟವ್ವ ಸೊರಗಿಹೋಗಿದ್ದಳು. ಅವಳ ಮಕ್ಕಳು ತಂದ ತರಗೆಲೆಯೊಂದಕ್ಕೆ ಒಂದು ಬೀಜ ಅಂಟಿತ್ತು. ಕೆಲವು ದಿನಗಳಲ್ಲಿ ಕೋಣೆಯ ಮೂಲೆಯಲ್ಲಿ ಬಿಳಿ ಚುಕ್ಕೆ ಮೂಡಿತು. ಪುಟ್ಟವ್ವ ಮೀಸೆಯಿಂದ ಮುಟ್ಟಿ ನೋಡಿದಳು.

“ಏಳ್ರೋ ಮಕ್ಕಳೇ, ಅಜ್ಜಿ ಬಂದ್ಲು!”

ಅದಕ್ಕೇ ಇವತ್ತಿಗೂ ಪುಟ್ಟವ್ವನಂಥ ರೆಕ್ಕೆಯ ಮಳೆಹುಳುಗಳು ಹಾರಿಹೋದ ಮೇಲೆ ಹುತ್ತದಲ್ಲಿ ಅಣಬೆ ಏಳುತ್ತದೆ. ಅದರ ನೆತ್ತಿಯಲ್ಲಿ ಮೊಳೆಯಂಥ ಮೊನೆ ಇರುತ್ತದೆ. ಎಷ್ಟು ಹುಷಾರಾಗಿ ಕಿತ್ತರೂ ಕಾಲು ಪೂರ್ತಿ ಬರುವುದಿಲ್ಲ, ನಡುವೆಯೇ ತುಂಡಾಗುತ್ತದೆ. ಉಳಿದದ್ದು ಕೆಳಗೆ, ಕತ್ತಲೆಯಲ್ಲಿ, ಯಾರಿಗೋ ಬಡಿಸುತ್ತಿರುತ್ತದೆ.