ಬೂದಕ್ಕನ ಹಿತ್ತಾಳೆ ಪಿನ್ನು

ಒಂದು ಹೊಳೆ. ಹೊಳೆಯಾಚೆ ಕಡಲು. ಹೊಳೆಯ ದಡದಲ್ಲಿ ಒಂದು ಬೂದು ಬಣ್ಣದ ಬೆಕ್ಕು. ಎಲ್ಲರೂ ಅವಳನ್ನು ಬೂದಕ್ಕ ಅಂತ ಕರೆಯುತ್ತಿದ್ದರು.

ಬೂದಕ್ಕನಿಗೆ ನೀರೆಂದರೆ ಆಗದು. ಕಾಲಿಗೆ ಒಂದು ಹನಿ ತಾಗಿದರೂ ಕಾಲು ಕೊಡವುತ್ತಿದ್ದಳು. ಆದರೆ ದೋಣಿ ಎಂದರೆ ಪ್ರಾಣ! ಅವಳಿಗೆ ಒಂದು ಪುಟ್ಟ ದೋಣಿ. ದೋಣಿಯ ಹಿಂದೆ ಒಂದು ಪುಟ್ಟ ಎಂಜಿನ್ನು. ಎಂಜಿನ್ನಿನ ಬುಡದಲ್ಲಿ, ನೀರೊಳಗೆ ತಿರುಗುವ ಒಂದು ಫ್ಯಾನು. ಫ್ಯಾನನ್ನು ಹಿಡಿದು ತಿರುಗಿಸಲು ಒಂದು ಪಿನ್ನು. ಹಿತ್ತಾಳೆಯ ಪಿನ್ನು. ಕಿರುಬೆರಳಿಗಿಂತ ಚಿಕ್ಕದು.

ಆ ದಿನ ಹೊಳೆಯಲ್ಲಿ ದೋಣಿ ಓಟ. ಬೂದಕ್ಕ ವರ್ಷವಿಡೀ ಕಾದ ಓಟ. ಓಟದ ಯಜಮಾನ ಕೊಕ್ಕರೆ ಮಾವ. ಅವನು ಹೊಳೆಯ ಅಂಚಿನಲ್ಲಿ ನಿಂತಿದ್ದ.

"ಕಡಲು ಉಕ್ಕಿ ಭರತದ ನೀರು ಏರ್ತಾ ಉಂಟು," ಅಂದ. "ನನ್ನ ಹೊಟ್ಟೆಗೆ ತಾಗಿದ ಕೂಡಲೇ ಓಟ ಶುರು. ಅಷ್ಟರೊಳಗೆ ಬಂದವರು ಬಂದರು. ಬಾರದವರು ಮುಂದಿನ ವರ್ಷ!"

ಬೂದಕ್ಕ ಫ್ಯಾನು ಬಿಚ್ಚಿದಳು. ಒರೆಸಿದಳು. ಉಫ್ ಅಂತ ಊದಿದಳು. ಪಿನ್ನು ಜಾರಿತು. ಟಿಣ್! ಉರುಳಿತು, ಉರುಳಿತು, ದಡದ ಕೆಸರಲ್ಲಿ ಬೆಳೆದ ಕಾಂಡ್ಲಾ ಗಿಡದ ಬುಡಕ್ಕೆ ಹೋಯಿತು. ಕಾಣೆಯಾಯಿತು.

ಬೂದಕ್ಕ ಬಿಡಿಭಾಗದ ಅಂಗಡಿಗೆ ಓಡಿದಳು. ಅಂಗಡಿಯ ಹಸನಬ್ಬ ತಲೆ ಅಲ್ಲಾಡಿಸಿದರು.

"ಇದು ಹಳೇ ಎಂಜಿನ್ನು, ಮಾರಾಯ್ತಿ. ಇದರ ಪಿನ್ನು ಈಗ ಯಾರೂ ಮಾಡುದಿಲ್ಲ. ಒಂದು ಮೊಳೆ ಹಾಕು, ಸಾಕು."

ಬೂದಕ್ಕ ಮೊಳೆ ಹಾಕಿದಳು. ಕೊಕ್ಕರೆ ಮಾವ ಬಗ್ಗಿ, ಕೊಕ್ಕಿನಿಂದ ಕುಟ್ಟಿ ನೋಡಿದ. ಟಕ್!

"ಮೊಳೆ ಆಗದು. ಯಾವ ಎಂಜಿನ್ನೋ ಅದರದೇ ಭಾಗ. ಅದು ನಿಯಮ."

"ಯಾಕೆ ಮಾವ?"

"ಕಲ್ಲು ತಾಗಿದರೆ ಪಿನ್ನು ಮುರೀಬೇಕು, ಫ್ಯಾನು ಉಳೀಬೇಕು. ಮೊಳೆ ಹಟಮಾರಿ. ಅದು ಮುರಿಯುದೇ ಇಲ್ಲ. ಫ್ಯಾನೇ ಒಡೀತದೆ."

ಬೂದಕ್ಕ ಮೊಳೆ ಕಿತ್ತಳು. ಅಳು ಬಂತು. ಅತ್ತರೆ ಮುಖ ಒದ್ದೆಯಾಗುತ್ತದಲ್ಲ? ಅದಕ್ಕೇ ಅಳಲಿಲ್ಲ. ನೀರು ಕೊಕ್ಕರೆ ಮಾವನ ಬೆರಳು ಮುಚ್ಚಿತು.

ಬೂದಕ್ಕ ಮತ್ತೆ ಪಿನ್ನು ಹುಡುಕಲು ಹೋದಳು. ಕಾಂಡ್ಲಾ ಗಿಡದ ಬುಡದಲ್ಲಿ ಏಡಿಯ ಬಿಲ. ಬಿಲಕ್ಕೆ ಬಾಗಿಲು. ಬಾಗಿಲಿಗೆ ಅಗುಳಿ. ಅಗುಳಿ ಪಳಪಳ. ಅರೆ, ಅದೇ ಪಿನ್ನು!

"ಏಡಿಯಣ್ಣ, ಏಡಿಯಣ್ಣ, ಪಿನ್ನು ಕೊಡು. ಪಿನ್ನು ಎಂಜಿನ್ನಿಗೆ. ಎಂಜಿನ್ನು ಓಟಕ್ಕೆ!"

"ಕೊಡುದಿಲ್ಲ," ಅಂದಿತು ಏಡಿ. "ಅಗುಳಿ ಇಲ್ಲದಿದ್ರೆ ಗಿಡುಗ ಬರ್ತದೆ. ನನ್ನನ್ನು ತಿಂತದೆ. ಬೇರೆ ಅಗುಳಿ ತಾ. ಬಿದಿರಿನದ್ದು ತಾ."

ನೀರು ಕೊಕ್ಕರೆ ಮಾವನ ಪಾದ ಮುಚ್ಚಿತು.

ಬೂದಕ್ಕ ಬುಟ್ಟಿ ಹೆಣೆಯುವ ದುಗ್ಗಜ್ಜನ ಹತ್ತಿರ ಹೋದಳು.

"ದುಗ್ಗಜ್ಜ, ದುಗ್ಗಜ್ಜ, ಬಿದಿರು ಕೊಡಿ. ಬಿದಿರು ಏಡಿಗೆ. ಏಡಿ ಪಿನ್ನು ಕೊಡ್ತದೆ. ಪಿನ್ನು ಎಂಜಿನ್ನಿಗೆ. ಎಂಜಿನ್ನು ಓಟಕ್ಕೆ!"

"ಬಿದಿರು ಉಂಟು ಮಗಾ," ಅಂದ ಅಜ್ಜ. "ಕತ್ತಿ ಮೊಂಡು. ಬೆಣ್ಣೆಯೂ ತುಂಡಾಗುದಿಲ್ಲ. ಆಚಾರಿ ಹತ್ರ ಹರಿತ ಮಾಡಿಸ್ಕೊಂಡು ಬಾ."

ನೀರು ಕೊಕ್ಕರೆ ಮಾವನ ಕಾಲಗಂಟು ಮುಚ್ಚಿತು.

ಬೂದಕ್ಕ ಕತ್ತಿ ಕಚ್ಚಿಕೊಂಡು ವಾಸು ಆಚಾರಿಯ ಕುಲುಮೆಗೆ ಹೋದಳು.

"ಆಚಾರ್ರೇ, ಆಚಾರ್ರೇ, ಕತ್ತಿ ಹರಿತ ಮಾಡಿ. ಕತ್ತಿ ಅಜ್ಜನಿಗೆ. ಅಜ್ಜ ಬಿದಿರು ಕೊಡ್ತಾರೆ. ಬಿದಿರು ಏಡಿಗೆ. ಏಡಿ ಪಿನ್ನು ಕೊಡ್ತದೆ. ಪಿನ್ನು ಎಂಜಿನ್ನಿಗೆ. ಎಂಜಿನ್ನು ಓಟಕ್ಕೆ!"

"ಬೆಂಕಿಯೇ ಆರಿದೆ," ಅಂದ ಆಚಾರಿ. "ಕಾಯಿಸದೆ ಬಡಿಯುದು ಹೇಗೆ? ತೆಂಗಿನಕಾಯಿ ಗೆರಟೆ ತಾ. ಗೆರಟೆ ಹಾಕಿದ್ರೆ ಬೆಂಕಿ ಧಗಧಗ."

ನೀರು ಕೊಕ್ಕರೆ ಮಾವನ ಮೊಣಕಾಲು ಮುಚ್ಚಿತು.

ಹೊಳೆಗೆ ತಾಗಿಕೊಂಡೇ ಲಚ್ಚಿಯಕ್ಕನ ಮನೆ. ಹಿತ್ತಿಲ ತುಂಬಾ ಗೆರಟೆ. ಮನೆಯ ತುಂಬಾ ಅಳು! ಲಚ್ಚಿಯಕ್ಕನ ತೊಡೆಯ ಮೇಲೆ ಕೂಸು. ಕೂಸಿನ ಬಾಯಿ ಇಷ್ಟಗಲ.

"ಲಚ್ಚಿಯಕ್ಕ, ಲಚ್ಚಿಯಕ್ಕ, ಗೆರಟೆ ಕೊಡು. ಗೆರಟೆ ಆಚಾರಿಗೆ. ಆಚಾರಿ ಕತ್ತಿ ಹರಿತ ಮಾಡ್ತಾರೆ. ಕತ್ತಿ ಅಜ್ಜನಿಗೆ. ಅಜ್ಜ ಬಿದಿರು ಕೊಡ್ತಾರೆ. ಬಿದಿರು ಏಡಿಗೆ. ಏಡಿ ಪಿನ್ನು ಕೊಡ್ತದೆ. ಪಿನ್ನು ಎಂಜಿನ್ನಿಗೆ. ಎಂಜಿನ್ನು ಓಟಕ್ಕೆ!"

"ಅಯ್ಯೋ, ಕೂಸನ್ನು ಬಿಟ್ಟು ಹೇಗೆ ಏಳಲಿ? ಇವಳ ಅಳು ನಿಲ್ಲಿಸು. ಬೇಕಾದಷ್ಟು ಗೆರಟೆ ತಗೋ."

ನೀರು ಕೊಕ್ಕರೆ ಮಾವನ ತೊಡೆ ಮುಚ್ಚಿತು. ಇನ್ನು ಹೊಟ್ಟೆ ಮಾತ್ರ ಬಾಕಿ!

"ಕೂಸೇ, ಕೂಸೇ, ಅಳು ನಿಲ್ಲಿಸು. ನೀನು ಮಲಗಿದರೆ ಅಮ್ಮ ಗೆರಟೆ ಕೊಡ್ತಾಳೆ. ಗೆರಟೆ ಆಚಾರಿಗೆ. ಆಚಾರಿ ಕತ್ತಿ ಹರಿತ ಮಾಡ್ತಾರೆ. ಕತ್ತಿ ಅಜ್ಜನಿಗೆ. ಅಜ್ಜ ಬಿದಿರು ಕೊಡ್ತಾರೆ. ಬಿದಿರು ಏಡಿಗೆ. ಏಡಿ ಪಿನ್ನು ಕೊಡ್ತದೆ. ಪಿನ್ನು ಎಂಜಿನ್ನಿಗೆ. ಎಂಜಿನ್ನು ಓಟಕ್ಕೆ!"

ಕೂಸು ಏನಂದಿತು? "ಡುರ್ರ್," ಅಂದಿತು. ಮತ್ತೆ ಅತ್ತಿತು.

"ಅಪ್ಪನ ದೋಣಿಯಲ್ಲಿ ಮಲಗಿ ಅಭ್ಯಾಸ ಇವಳಿಗೆ," ಅಂದಳು ಲಚ್ಚಿಯಕ್ಕ. "ಅಪ್ಪ ಕಡಲಿಗೆ ಹೋಗಿದ್ದಾರೆ. ಎಂಜಿನ್ನಿನ ಸದ್ದು ಇಲ್ಲದೆ ಇವಳಿಗೆ ನಿದ್ದೆ ಇಲ್ಲ."

"ನನ್ನ ಎಂಜಿನ್ನಿಗೆ ಪಿನ್ನೇ ಇಲ್ಲವಲ್ಲ!" ಅಂದಳು ಬೂದಕ್ಕ.

ಆಮೇಲೆ ಬಾಲ ಸುತ್ತಿಕೊಂಡು ಕುಳಿತಳು. ಯೋಚನೆ ಮಾಡಿದಳು. ಪಿನ್ನಿಲ್ಲದೆ ಫ್ಯಾನು ತಿರುಗದು. ಫ್ಯಾನು ತಿರುಗದೆ ದೋಣಿ ಓಡದು. ಓಡದಿದ್ದರೇನಂತೆ? ಕೂಸು ಮಲಗಲು ಓಡುವ ದೋಣಿ ಯಾಕೆ ಬೇಕು?

ಬೂದಕ್ಕ ದೋಣಿಯನ್ನು ತಳ್ಳಿ ತಂದು ಲಚ್ಚಿಯಕ್ಕನ ಮನೆಯ ಮೆಟ್ಟಿಲಿಗೆ ಕಟ್ಟಿದಳು. ನಾಲ್ಕೂ ಕಾಲು ಒದ್ದೆ. ಕೊಡವಲೂ ಪುರುಸೊತ್ತಿಲ್ಲ. ಎಂಜಿನ್ನಿನ ಹಗ್ಗ ಎಳೆದಳು. ಡುರ್ರ್... ಡುರ್ರ್... ಡುರ್ರ್...

ದೋಣಿ ಓಡಲಿಲ್ಲ. ಎಂಜಿನ್ನು ಹಾಡಿತು. ನೀರು ಮೆಲ್ಲಗೆ ನಡುಗಿತು. ನೀರಿನ ಬೆಳಕು ಗೋಡೆಯ ಮೇಲೆ ಆಡಿತು. ಕೂಸಿನ ಕಣ್ಣು ಅರೆ ಮುಚ್ಚಿತು. ಪೂರ್ತಿ ಮುಚ್ಚಿತು. ಕೂಸು ಮಲಗಿತು.

ಕೂಸು ಮಲಗಿತು, ಅಮ್ಮ ಗೆರಟೆ ಕೊಟ್ಟಳು.
ಗೆರಟೆ ಆಚಾರಿಗೆ, ಆಚಾರಿ ಕತ್ತಿ ಹರಿತ ಮಾಡಿದ.
ಕತ್ತಿ ಅಜ್ಜನಿಗೆ, ಅಜ್ಜ ಬಿದಿರು ಕೊಟ್ಟ.
ಬಿದಿರು ಏಡಿಗೆ, ಏಡಿ ಪಿನ್ನು ಕೊಟ್ಟಿತು.
ಪಿನ್ನು ಎಂಜಿನ್ನಿಗೆ!

ಕೊಕ್ಕರೆ ಮಾವ ಕೊಕ್ಕಿನಿಂದ ಕುಟ್ಟಿ ನೋಡಿದ. ಟಿಣ್!

"ಇದು ಪಿನ್ನು," ಅಂದ. "ಹೋಗು, ಸಾಲಿನಲ್ಲಿ ನಿಲ್ಲು."

ಅಷ್ಟರಲ್ಲಿ ನೀರು ಅವನ ಹೊಟ್ಟೆಗೆ ತಾಗಿತು. ಅವನು ರೆಕ್ಕೆ ಎತ್ತಿದ. ಎಂಜಿನ್ನು ಓಟಕ್ಕೆ!

ಬೂದಕ್ಕ ಹೋದಳು. ಬಾತುಕೋಳಿ ಹೋಯಿತು. ನೀರುನಾಯಿ ಹೋಯಿತು. ಹತ್ತು ದೋಣಿ, ಹತ್ತು ಎಂಜಿನ್ನು. ಬೂದಕ್ಕನ ಮೀಸೆ ಗಾಳಿಗೆ ಹಿಂದೆ ಮಲಗಿತು. ಅವಳಿಗೆ ಖುಷಿಯೋ ಖುಷಿ! ಡುರ್ರ್... ಡುರ್ರ್... ಡುರ್ರ್...

ಒಂದು ಎಂಜಿನ್ನಿಗೆ ಒಂದು ಕೂಸು ಮಲಗಿತ್ತು. ಹತ್ತು ಎಂಜಿನ್ನು ಹಾಡಿದರೆ?

ಅಗುಳಿ ಹಾಕಿ ಏಡಿ ಮಲಗಿತು. ಬುಟ್ಟಿಗೆ ಒರಗಿ ಅಜ್ಜ ಮಲಗಿದ. ಕುಲುಮೆಯ ಪಕ್ಕ ಆಚಾರಿ ಮಲಗಿದ. ಕೂಸಿನ ಪಕ್ಕ ಲಚ್ಚಿಯಕ್ಕ ಮಲಗಿದಳು. ಗೆದ್ದವರ ಹೆಸರು ಹೇಳಬೇಕಾದ ಕೊಕ್ಕರೆ ಮಾವನೂ ನಿಂತಲ್ಲೇ, ಒಂಟಿ ಕಾಲಲ್ಲಿ, ಮಲಗಿಬಿಟ್ಟ!

ಹಾಗಾದರೆ ಗೆದ್ದವರು ಯಾರು? ಬೂದಕ್ಕನನ್ನು ಕೇಳಿದರೆ "ನಾನೇ" ಅನ್ನುತ್ತಾಳೆ. ನೀರುನಾಯಿಯೂ "ನಾನೇ" ಅನ್ನುತ್ತದೆ. ಎಚ್ಚರ ಇದ್ದವರು ಯಾರಾದರೂ ಹೇಳಬೇಕು. ನೀನು ಎಚ್ಚರ ಇದ್ದೀಯಾ, ಪುಟ್ಟಾ?

ಇಲ್ಲವಾ? ಒಳ್ಳೇದಾಯ್ತು.